ಜಗ್ಗದ ಹುಲ್ಲು

ತಂಗಿ ಪಾಲು ಕೇಳಿದ ಹೊತ್ತಿಗೆ ಲೋಹಿತನ ಕೈಯಲ್ಲಿ ಹುಲ್ಲಿತ್ತು. ರಸ್ತೆ ಹೊಲದ ಶೇಂಗಾ ಸಾಲುಗಳ ನಡುವೆ ಕುಕ್ಕರುಗಾಲಲ್ಲಿ ಕೂತು, ಒಂದು ಬುಡವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದ. ಅದು ಬರಲಿಲ್ಲ, ಫೋನು ಬಂತು.

"ಅಣ್ಣ, ಉಂಡ್ಯಾ?" ಎಂದಳು ಪುಷ್ಪಲತಾ, ಮೊಳಕಾಲ್ಮುರು ಕಡೆಯ ಹಟ್ಟಿಯೊಂದಕ್ಕೆ ಕೊಟ್ಟಿದ್ದ ಒಬ್ಬಳೇ ತಂಗಿ. ಅವ್ವನ ಮಂಡಿನೋವು ವಿಚಾರಿಸಿದಳು, ಮಳೆ ವಿಚಾರಿಸಿದಳು. ಆಮೇಲೆ, ಜಾತ್ರೆಯಲ್ಲಿ ಬಳೆ ಕೊಡಿಸು ಎನ್ನುವಷ್ಟೇ ಹಗುರವಾಗಿ, "ಅಪ್ಪನ ಹೊಲದಾಗೆ ನಂದೂ ಒಂದು ಪಾಲು ಐತಲ್ಲಣ್ಣ. ಅದೊಂದು ಮಾಡ್ಕೊಟ್ಬಿಡು. ಅವಸರ ಏನಿಲ್ಲ, ಯುಗಾದಿ ಕಳೀಲಿ" ಎಂದು ನಕ್ಕಳು.

ಆ ನಗು ಲೋಹಿತನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಜಗಳ ಮಾಡಿ ಕೇಳಿದ್ದರೆ ಜಗಳ ಮಾಡಿ ಇಲ್ಲ ಎನ್ನಬಹುದಿತ್ತು. ಅಪ್ಪ ಸತ್ತ ಮೇಲೆ ಅವಳ ಮದುವೆ ಮಾಡಿದವನು ಅವನು. ಹದಿನೇಳು ವರ್ಷ ಈ ಹೊಲಗಳಲ್ಲಿ ಬೆನ್ನು ಬಗ್ಗಿಸಿದವನು ಅವನು. ಒಂದು ಬಿತ್ತನೆಗೂ ಬಾರದವಳು, ಒಂದು ಕಳೆಯನ್ನೂ ಕೀಳದವಳು, ಈಗ ಕಾನೂನು ಹಿಡಿದುಕೊಂಡು ಉಂಡೆಯಾ ಎನ್ನುತ್ತಾಳೆ! ಅವನು ಕೈಯಲ್ಲಿದ್ದ ಬುಡವನ್ನು ಮತ್ತೊಮ್ಮೆ ಜಗ್ಗಿದ. ಅರ್ಧಕ್ಕೆ ಕಿತ್ತು ಬಂತು. ಬೇರು ಮಣ್ಣಿನಲ್ಲೇ ಉಳಿಯಿತು.

ಪರಶುರಾಂಪುರದ ಹತ್ತಿರದ ಆ ಊರಿನಲ್ಲಿ ಅಪ್ಪ ಬಿಟ್ಟುಹೋದದ್ದು ಎರಡು ಹೊಲ, ನಾಲ್ಕು ನಾಲ್ಕು ಎಕರೆ. ಒಂದು ಗೌರಸಮುದ್ರದ ಕಡೆಗೆ ಹೋಗುವ ಡಾಂಬರು ರಸ್ತೆಗೆ ಅಂಟಿಕೊಂಡಿತ್ತು. ಆಳವಾದ ಕೆಂಪು ಮಣ್ಣು, ಕಂಡವರೆಲ್ಲ ಬಾಯಿ ಚಪ್ಪರಿಸುವಂಥದು. ಇನ್ನೊಂದು ಅಲ್ಲಿಂದ ಎರಡು ಮೈಲಿ ಆಚೆ, ಹಳ್ಳ ದಾಟಿ, ಗುಡ್ಡದ ಬುಡದಲ್ಲಿ. ಅಲ್ಲಿ ಕಲ್ಲು ಜಾಸ್ತಿ, ಬೆಳೆ ಕಡಿಮೆ. ಯಾರನ್ನು ಕೇಳಿದರೂ ರಸ್ತೆ ಹೊಲವೇ ಹೊಲ ಎನ್ನುತ್ತಿದ್ದರು. ನಾಲ್ಕು ವರ್ಷದ ಹಿಂದೆ ಕೇಳಿದ್ದರೆ ಲೋಹಿತನೂ ಹಾಗೇ ಹೇಳುತ್ತಿದ್ದ.

ನಾಲ್ಕು ವರ್ಷದ ಹಿಂದೆ ಅಲ್ಲಿ ಮೆಕ್ಕೆಜೋಳ ಹಾಕಿ, ಕೊಯ್ಲಿಗೆ ಎಲ್ಲಿಂದಲೋ ಬಂದ ಮಿಷನ್ನು ಕರೆಸಿದ್ದ. ಮಿಷನ್ನು ತಿರುಗಿಕೊಂಡ ಜಾಗದಲ್ಲಿ ಮುಂದಿನ ಮಳೆಗೆ ಮಂಚದಗಲ ಹೊಸ ಹುಲ್ಲು ಎದ್ದಿತು. ಚಪ್ಪಟೆ ಬುಡ, ಬೆರಳು ಬಿಡಿಸಿದಂಥ ತೆನೆ. ಕಳೆನಾಶಕ ಹೊಡೆದ. ಸುತ್ತಲಿನ ಹುಲ್ಲೆಲ್ಲ ಹಳದಿಯಾಗಿ ಮಲಗಿತು, ಇದರಲ್ಲಿ ಹತ್ತಾರು ಬುಡ ಮಾತ್ರ ನಿಂತವು. ನಿಂತವೇ ತೆನೆಬಿಟ್ಟವು, ಉದುರಿಸಿದವು. ಮರುವರ್ಷ ಅದೇ ಔಷಧಿ ಇನ್ನಷ್ಟು ಗಟ್ಟಿಯಾಗಿ, ಅದರ ಮರುವರ್ಷ ಎರಡು ಸಲ. ಸಾಯುವುದನ್ನೆಲ್ಲ ಸಾಯಿಸಿ, ಸಾಯದ ತಳಿಗೆ ಹೊಲ ಗುಡಿಸಿ ಜಾಗ ಮಾಡಿಕೊಟ್ಟವನು ತಾನೇ ಎಂಬುದು ಅವನಿಗೆ ತಿಳಿಯುವಷ್ಟರಲ್ಲಿ ನಾಲ್ಕು ಎಕರೆಯೂ ಅದರದೇ ಆಗಿತ್ತು. ಕೂಲಿ ಹೆಂಗಸರು ಒಂದು ದಿನ ಬಂದು, ಮರುದಿನ ಅಂಗೈ ತೋರಿಸಿ ಬರುವುದಿಲ್ಲ ಎಂದರು. ಅವರೇ ಅದಕ್ಕೆ ಹೆಸರಿಟ್ಟದ್ದು, ಜಗ್ಗದ ಹುಲ್ಲು. ಕೈಗೂ ಜಗ್ಗುವುದಿಲ್ಲ, ಔಷಧಿಗೂ ಜಗ್ಗುವುದಿಲ್ಲ.

ಆ ಹೊಲದಲ್ಲಿ ಲೋಹಿತ ಸಿಕ್ಕಿಬಿದ್ದಿದ್ದ. ಬಿತ್ತಿದರೆ ಹುಲ್ಲಿಗೆ, ಬಿಟ್ಟರೂ ಹುಲ್ಲಿಗೆ. ಮಾರೋಣವೆಂದರೆ ಪತ್ರಕ್ಕೆ ತಂಗಿಯ ಸಹಿ ಬೇಕು, ಕೊಳ್ಳುವವನಿಗೆ ಕಣ್ಣಿರಬಾರದು. ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗಲು ಹೆದರುವ ರೈತನನ್ನು ನೀವು ಕಂಡಿದ್ದೀರೋ ಇಲ್ಲವೋ, ಅವನು ಹಾಗಾಗಿದ್ದ. ರಸ್ತೆಯ ಅಂಚಿಗೆ ಒತ್ತಾಗಿ ಆರು ಸಾಲು ತೊಗರಿ ಬಿತ್ತಿದ್ದ. ಬಸ್ಸಿನಲ್ಲಿ ಹೋಗುವವರಿಗೆ ತೊಗರಿ ಕಾಣುತ್ತಿತ್ತು, ಅದರ ಹಿಂದಿನ ಮಾನಗೇಡು ಕಾಣುತ್ತಿರಲಿಲ್ಲ.

ಆ ವರ್ಷ ಕೃಷಿ ವಿಜ್ಞಾನಿ ತೇಜಶ್ರೀ ಎಂಬವರು ಬಂದಿದ್ದರು. ಅವನೇ ಫೋನು ಮಾಡಿ ಕರೆಸಿದ್ದ. ಕಾಗದದ ಚೀಲದಲ್ಲಿ ತೆನೆ ತುಂಬಿಕೊಂಡು ಹೋಗಿ, ಕುಂಡದಲ್ಲಿ ಬೆಳೆಸಿ, ಔಷಧಿ ಹೊಡೆದು ನೋಡಿ, ಚಳಿಗಾಲದಲ್ಲಿ ಪತ್ರ ಬರೆದರು. ಒಂದೇ ಹಾಳೆ, ಎರಡು ಬದಿ. ನಾಲ್ಕು ಪಟ್ಟು ಹೊಡೆದರೂ ಇದು ಸಾಯುವುದಿಲ್ಲ. ಬೇರೆ ಎರಡು ಔಷಧಿಗೂ ಬಗ್ಗಿಲ್ಲ. ಬೀಜ ಬೀಳಲು ಬಿಡದೆ ವರ್ಷಗಟ್ಟಲೆ ದುಡಿದರೆ ಮಾತ್ರ ಹೊಲ ಉಳಿದೀತು. ಬೇರೆ ಹೊಲಕ್ಕೆ ಹೋಗದಂತೆ ನೋಡಿಕೊಳ್ಳಿ. ನೇಗಿಲು, ಟೈರು, ಚಪ್ಪಲಿ ತೊಳೆಯದೆ ಒಯ್ಯಬೇಡಿ.

ಅಷ್ಟು ಓದುವಷ್ಟರಲ್ಲಿ ಅವನ ತಲೆಯಲ್ಲಿ ಬೇರೆಯೇ ಲೆಕ್ಕ ಶುರುವಾಗಿತ್ತು. ಪಾಲು ಕೇಳಿದ್ದಾಳಲ್ಲ? ಕೊಡೋಣ. ಒಳ್ಳೆಯದನ್ನೇ ಕೊಡೋಣ. ರಸ್ತೆ ಹೊಲವನ್ನು ತಂಗಿಗೆ ಬಿಟ್ಟು ಕಲ್ಲಿನ ಹೊಲ ಇಟ್ಟುಕೊಂಡ ಅಣ್ಣನನ್ನು ಯಾವ ಊರು, ಯಾವ ಕೋರ್ಟು ಬೈದೀತು? ಗುಡ್ಡದ ಹೊಲದಲ್ಲಿ ಜಗ್ಗದ ಹುಲ್ಲಿನ ಒಂದು ಎಸಳೂ ಇರಲಿಲ್ಲ. ಮಿಷನ್ನು ಹಳ್ಳ ದಾಟಿರಲಿಲ್ಲ. ಕಲ್ಲಿದ್ದರೇನು, ಬಿತ್ತಿದ್ದು ಬಿತ್ತಿದವನಿಗೇ ಸಿಗುತ್ತಿತ್ತು. ಅದೊಂದು ಕೈಯಲ್ಲಿ ಉಳಿದರೆ ಅವನೂ ಉಳಿದಂತೆ.

ಹಾಗಾದರೆ ಆ ಪತ್ರ ಇರಬಾರದು. ಅಂಗಳದಲ್ಲಿ ಸ್ನಾನದ ನೀರಿನ ಒಲೆ ಉರಿಯುತ್ತಿತ್ತು. ಹೆಂಡತಿ ಚಿತ್ರಾ ಹೊರಬರುವ ಮುನ್ನ ಹಾಳೆಯನ್ನು ಒಳಗೆ ತಳ್ಳಿದ. ಹಾಳೆ ಸುರುಳಿಯಾಗಿ ಮಗುಚಿಕೊಂಡಿತು. ಹಿಂಬದಿ ಅವನು ಓದಿರಲೇ ಇಲ್ಲ. ಉರಿಯ ಬೆಳಕಿನಲ್ಲಿ ಒಂದು ಸಾಲಿನ ಮುಂಭಾಗ ಮಾತ್ರ ಕಣ್ಣಿಗೆ ಬಿತ್ತು. ತೆನೆ ಕಟ್ಟಿದ ಹುಲ್ಲು, ಕುರಿ, ಮೇಯಿಸುವ ಮಾತು. ಮಿಕ್ಕಿದ್ದನ್ನು ಬೆಂಕಿ ಓದಿಕೊಂಡಿತು.

ಲೋಹಿತ ಅಲ್ಲೇ ತೊಡೆ ತಟ್ಟಿಕೊಂಡ. ಎಷ್ಟು ಸುಲಭ! ಒಣಗಿ ನಿಂತ ಹುಲ್ಲನ್ನು ಏನು ಮಾಡುವುದೆಂದು ಎರಡು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದ. ಸುಟ್ಟರೆ ಹೊಗೆ ಊರಿಗೆಲ್ಲ ಕಾಣುತ್ತದೆ, ಯಾಕೆ ಸುಟ್ಟೆ ಎನ್ನುತ್ತಾರೆ. ಹಾಗೇ ಉತ್ತರೆ ತೆನೆಗಳು ಹೆಂಟೆಯ ಮೇಲೆ ಬಂದು ಹಲ್ಲು ಕಿಸಿಯುತ್ತವೆ. ಕುರಿ ಆದರೆ? ಬೇಸಿಗೆಯಲ್ಲಿ ಹೊಲಕ್ಕೆ ಕುರಿ ಬಿಡುವುದು ಯಾರ ಕಣ್ಣಿಗೂ ಹೊಸದಲ್ಲ. ತಿಂದು ಹೋಗುತ್ತವೆ, ಸಾಕ್ಷಿ ಹೇಳುವುದಿಲ್ಲ. ಓದಿದ ಮೇಡಮ್ಮೇ ದಾರಿ ತೋರಿಸಿದ್ದಾರೆ ಎಂದು ಅವನಿಗೆ ನಗು ಬಂತು.

ಮುಂದಿನದನ್ನೆಲ್ಲ ಅವನು ಮಗಳ ಮದುವೆಗೆ ಓಡಾಡುವವನ ಶ್ರದ್ಧೆಯಿಂದ ಮಾಡಿದ. ರಸ್ತೆ ಹೊಲಕ್ಕೆ ಬೇರೆ ಚಪ್ಪಲಿ ಇಟ್ಟ, ಆ ಚಪ್ಪಲಿ ಅಲ್ಲಿಯ ತೊಗರಿ ಸಾಲಿನಾಚೆ ಬರಲಿಲ್ಲ. ಟ್ರ್ಯಾಕ್ಟರನ್ನು ಚಳ್ಳಕೆರೆಗೆ ಒಯ್ದು, ಮೆಕ್ಯಾನಿಕ್ ಅನ್ವರನ ಶೆಡ್ಡಿನ ಮುಂದೆ ಟೈರಿನ ಸಂದುಸಂದಿಗೂ ಪೈಪು ಹಿಡಿಸಿದ. ಕಲ್ಟಿವೇಟರಿನ ಒಂದೊಂದು ಹಲ್ಲನ್ನೂ ಕಡ್ಡಿಯಿಂದ ಕೆರೆದ.

"ಏನ್ ಲೋಹಿತಣ್ಣ, ಇದಕ್ಕೇನು ನಿಕಾ ಮಾಡಿಸ್ತೀರಾ?" ಎಂದು ಅನ್ವರ್ ನಕ್ಕ. "ನಾಳೆ ಮಣ್ಣಾಗೇ ಹೋಗೋ ಸಾಮಾನಿಗೆ ಇಷ್ಟು ಸಿಂಗಾರ!"

"ನಿಂಗೊತ್ತಾಗಲ್ಲ ಬಿಡಲೇ. ಕಬ್ಬಿಣಕ್ಕೆ ತುಕ್ಕು ಹಿಡೀತೈತೆ."

ಇಷ್ಟಾದರೂ ಸಮಾಧಾನವಾಗದೆ, ಆ ಬೇಸಿಗೆ ಟ್ರ್ಯಾಕ್ಟರು ಗುಡ್ಡದ ಹೊಲದ ಕಡೆ ಮುಖವನ್ನೇ ಹಾಕಬಾರದೆಂದು ನಿಶ್ಚಯಿಸಿದ. ಅಲ್ಲಿಯ ಶೇಂಗಾ ಕಿತ್ತ ಮೇಲೆ ಒಮ್ಮೆ ಉಳುಮೆಯಾಗಿತ್ತು, ಸಾಕು. ಮಳೆ ಬಂದ ಮೇಲೆ ಬೇರೆಯವರ ಎತ್ತು ಕರೆಸಿದರಾಯಿತು.

ಕುರಿ ಮಂದೆಯನ್ನು ಆರಿಸುವುದರಲ್ಲೂ ಅವನು ದುಡುಕಲಿಲ್ಲ. ತಂಗಿಯ ಗಂಡನ ಕಡೆಯವರು ಕುರಿಗಾರರು. ಅವರ ನೆಂಟರಿಗೆಲ್ಲ ಈ ಸುತ್ತಿನಲ್ಲಿ ಮಂದೆಗಳಿದ್ದವು. ಅವರು ಬೇಡ. ಉಣ್ಣೆ ಬೆಳೆದ ಕುರಿ ಬೇಡ, ಬೀಜ ಹತ್ತಿಕೊಂಡೀತು. ಮೂರು ಮಂದೆಗಳನ್ನು ಬಿಟ್ಟು ನಾಲ್ಕನೆಯದನ್ನು ಹಿಡಿದ. ಆಂಧ್ರದ ಗಡಿಯಾಚೆಯಿಂದ ಬಂದ ಕ್ಯಾತಪ್ಪನ ಮುನ್ನೂರು ಕುರಿ, ವಾರದ ಹಿಂದಷ್ಟೇ ಉಣ್ಣೆ ಕತ್ತರಿಸಿಕೊಂಡಿದ್ದವು. ಇವತ್ತು ಇಲ್ಲಿ ಮೇಯಿಸಿದವನು ಮುಂದಿನ ತಿಂಗಳು ಎಲ್ಲಿರುತ್ತಾನೋ ಅವನಿಗೇ ಗೊತ್ತಿಲ್ಲ.

ಕ್ಯಾತಪ್ಪ ಹೊಲಕ್ಕಿಳಿದು ಒಂದು ತೆನೆ ಮುರಿದು ಅಂಗೈಯಲ್ಲಿ ಉಜ್ಜಿದ. "ಮೇತ ಬಾಗುಂದಿ ಸಾಮಿ," ಎಂದು ತೆಲುಗಿನಲ್ಲೇ ಮೇವನ್ನು ಹೊಗಳಿದ. "ಕಾಳೇ ತುಂಬೈತೆ. ಐದು ದಿನ ಆಗ್ತೈತೆ. ಐದು ರಾತ್ರಿ ಇಲ್ಲೇ ಮಂದೆ ಹಾಕ್ತೀನಿ, ಸರಿನಾ?"

ಅದು ಈ ಸೀಮೆಯ ಹಳೆಯ ಒಪ್ಪಂದ. ಹಗಲು ಮೇವು ಕೊಟ್ಟವನ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಬೇಕು. ಮೇವಿಗೆ ಬದಲು ಗೊಬ್ಬರ, ಯಾರಿಗೂ ಯಾರ ಹಂಗಿಲ್ಲ. ಲೋಹಿತ ಹೂಂ ಎನ್ನಬೇಕಿದ್ದವನು ತಟ್ಟನೆ ನಿಂತ. ಐದು ರಾತ್ರಿಯ ಗೊಬ್ಬರ ಈ ಹೊಲಕ್ಕೆ? ಬಿಟ್ಟುಹೋಗುವ ಹೊಲಕ್ಕೆ? ತಂಗಿಗೆ ಹೊಲವನ್ನೂ ಕೊಟ್ಟು ಮೇಲೆ ಗೊಬ್ಬರವನ್ನೂ ಉಡುಗೊರೆ ಕೊಡುವಷ್ಟು ಧಾರಾಳಿ ಅವನಲ್ಲ.

"ಇಲ್ಲಿ ಬ್ಯಾಡ. ಗುಡ್ಡದ ಹೊಲ್ದಾಗೆ ಹಾಕು."

"ಅಯ್ಯೋ ಸಾಮಿ, ಎರಡು ಮೈಲಿ! ಹೊಟ್ಟೆ ತುಂಬಿದ ಕುರಿ ನಡದ್ರೆ ಅರ್ಧ ಗೊಬ್ಬರ ದಾರಿಗೇ ಹೋಗ್ತೈತೆ."

"ಮಿಕ್ಕಿದ್ದರ್ಧ ನಂಗೆ ಸಾಕು. ಆದ್ರೆ ಒಂದು ಮಾತು. ದಿನಾ ಹಳ್ಳದ ಮರಳಿನ ಮೇಲೆ ಒಂದು ಗಳಿಗೆ ನಿಲ್ಸಿ ಗೊರಸು ಝಾಡಿಸ್ಕೊಂಡು ಹೋಗ್ಬೇಕು."

ಕ್ಯಾತಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಕುರಿಯ ಕಾಲು ಒರೆಸಿಕೊಂಡು ಬಾ ಎನ್ನುವ ರೈತನನ್ನು ಅವನು ಕಂಡಿರಲಿಲ್ಲ. ಆದರೂ ಒಳ್ಳೆಯ ಮೇವು, ಒಪ್ಪಿಕೊಂಡ.

ಐದು ದಿನವೂ ಸಂಜೆಯ ಹೊತ್ತಿಗೆ ಲೋಹಿತ ಹಳ್ಳದಲ್ಲಿ ಖುದ್ದಾಗಿ ನಿಂತು ಗೊರಸು ನೋಡಿದ. ಗುಡ್ಡದ ಹೊಲದಲ್ಲಿ ಕ್ಯಾತಪ್ಪ ನೀಲಿ ಬಲೆಯನ್ನು ಗೂಟಗಳಿಗೆ ಕಟ್ಟಿ ಚೌಕ ಮಾಡುತ್ತಿದ್ದ, ಮರುದಿನ ಅದರ ಪಕ್ಕಕ್ಕೆ ಸರಿಸುತ್ತಿದ್ದ. ಐದನೆಯ ದಿನ ರಸ್ತೆ ಹೊಲದಲ್ಲಿ ಬುಡದ ಮೊಂಡು ಬಿಟ್ಟರೆ ಏನೂ ಇರಲಿಲ್ಲ. ಲೋಹಿತ ತೊಗರಿ ಕಡಿದ, ಎರಡು ಸಲ ಉತ್ತ. ಬಸ್ಸಿನವರು ಈಗ ಒಳಗಿನವರೆಗೂ ನೋಡಬಹುದಿತ್ತು. ಹೊಸ ಕುಂಕುಮ ಹರಡಿದ ಹಾಗೆ ಮಣ್ಣು ಬಿಸಿಲಿಗೆ ಬಿದ್ದಿತ್ತು. ಅದರೊಳಗೆ ನಾಲ್ಕು ವರ್ಷದ ಬೀಜ ಮಳೆಗೆ ಕಾಯುತ್ತಿದೆ ಎಂದು ಗೊತ್ತಿದ್ದವನು ಅವನೊಬ್ಬನೇ.

ಯುಗಾದಿ ಕಳೆದ ಮೇಲಿನ ಒಂದು ಬೆಳಿಗ್ಗೆ ಪುಷ್ಪಲತಾ ಬಂದಳು. ಬರುವಾಗ ಅಣ್ಣನಿಗೆಂದು ಕಂಬಳಿ ತಂದಿದ್ದಳು, ಮಾವನ ಮನೆಯಲ್ಲೇ ನೇಯ್ದದ್ದು. ಊರ ಹಿರಿಯ ಜೋಗಪ್ಪನನ್ನು ಕೂರಿಸಿಕೊಂಡು, ಅವ್ವ ಪಾತಮ್ಮನನ್ನು ಆಟೋದಲ್ಲಿ ಹತ್ತಿಸಿಕೊಂಡು, ಎರಡೂ ಹೊಲ ತೋರಿಸಿ ತಂದ ಲೋಹಿತ. ರಸ್ತೆ ಹೊಲದ ಬದುವಿನ ಮೇಲೆ ನಿಂತು, ವಾರದಿಂದ ಬಾಯಿಪಾಠ ಮಾಡಿದ್ದ ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳಿದ.

"ನಾನು ಅಣ್ಣ ಅಂತ ಮೊದ್ಲು ಆರಿಸ್ಕೊಳ್ಳಲ್ಲ. ಪುಷ್ಪಿನೇ ಆರಿಸ್ಕೊಳ್ಲಿ. ಉಳಿದಿದ್ದು ನಂಗೆ."

ಜೋಗಪ್ಪ ತಲೆದೂಗಿದ. ಎಲ್ಲವೂ ಎಣಿಸಿದಂತೆಯೇ ನಡೆದಿತ್ತು. ಕೈ ಚಾಚಿ ಈ ಹೊಲ ಎನ್ನುವುದಷ್ಟೇ ಅವಳ ಪಾಲಿನ ಕೆಲಸ. ಆದರೆ ಪುಷ್ಪಲತಾ ಕೈ ಚಾಚಲಿಲ್ಲ. ಹೊಲ ನೋಡಲಿಲ್ಲ, ಅಣ್ಣನ ಮುಖ ನೋಡಿದಳು.

"ನಂಗೇನ್ ಗೊತ್ತಾಗ್ತೈತಣ್ಣ ಹೊಲದ ಬಗ್ಗೆ? ಉತ್ತೋನು ನೀನು, ಬಿತ್ತೋನು ನೀನು. ನನಗ್ಯಾವುದು ಒಳ್ಳೇದು, ನೀನೇ ಹೇಳು. ನೀ ಹೇಳಿದ್ದು ತಗಂತೀನಿ."

ಇದು ಅವನ ಯೋಜನೆಯಲ್ಲಿ ಇರಲಿಲ್ಲ. ಅವಳೇ ಹೋಗಿ ಬೀಳಲಿ, ತಾನು ತಳ್ಳುವುದು ಬೇಡ ಎಂದುಕೊಂಡಿದ್ದ. ಹಾಗಿದ್ದರೆ ಮುಂದೊಂದು ದಿನ ತನಗೆ ತಾನೇ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಈಗ ನಾಲಿಗೆಯಿಂದಲೇ ತಳ್ಳಬೇಕು. ಅಪ್ಪನ ಹೆಗಲ ಮೇಲೆ ಕೂತು ಇದೇ ಬದುವಿಗೆ ಬರುತ್ತಿದ್ದ, ಹಸಿ ಶೇಂಗಾ ಸುಲಿದು ಅಣ್ಣನ ಬಾಯಿಗೆ ತುರುಕುತ್ತಿದ್ದ ಹುಡುಗಿ ಎದುರಿಗೆ ನಿಂತಿದ್ದಾಳೆ. ಅವನಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಗುಡ್ಡದ ಹೊಲ ತಗೋ ಎನ್ನಲು ಬಾಯಿ ಕೂಡ ತೆರೆದ. ಆಗ, ಈ ಮಣ್ಣಿನಲ್ಲಿ ಇನ್ನೂ ಇಪ್ಪತ್ತು ವರ್ಷ ಕುಕ್ಕರುಗಾಲಲ್ಲಿ ಕೂತ ತನ್ನನ್ನು ತಾನೇ ಕಂಡ.

"ರಸ್ತೆ ಹೊಲ ತಗೋ ಪುಷ್ಪಿ," ಎಂದ.

ಜೋಗಪ್ಪ ಹತ್ತಿರ ಬಂದು ಅವನ ಬೆನ್ನು ತಟ್ಟಿದ. "ಅಣ್ಣ ಅಂದ್ರೆ ಹಿಂಗಿರ್ಬೇಕು ನೋಡ್ರಿ" ಎಂದು ಯಾರೂ ಇಲ್ಲದ ಕಡೆಗೂ ತಿರುಗಿ ಹೇಳಿದ. ಅವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. ಆಮೇಲೆ ಅವಳಿಗೆ ಏನು ತೋಚಿತೋ, "ಲೇ ಲೋಹಿತ, ತವರಿನ ಮಣ್ಣು ಕಣೋ. ಬರೀ ಬಾಯಾಗೆ ಕೊಡಬ್ಯಾಡ. ಅವಳ ಮಡ್ಲಿಗೆ ಹಾಕು" ಎಂದಳು. ಅದು ಯಾವ ಶಾಸ್ತ್ರವೋ ಅವಳಿಗೇ ಗೊತ್ತು. ಪುಷ್ಪಲತಾ ಸೆರಗು ಹಿಡಿದಳು. ಲೋಹಿತ ಬಗ್ಗಿ ಎರಡು ಬೊಗಸೆ ಮಣ್ಣು ತುಂಬಿದ. ಸಾಸಿವೆಗಿಂತ ಸಣ್ಣ ಕಂದು ಕಾಳುಗಳು ಅದರಲ್ಲಿದ್ದವು. ಅವನ ಕಣ್ಣಿಗೆ ಮಾತ್ರ ಕಂಡವು. ತಂಗಿ ಸೆರಗಿನ ತುದಿಯನ್ನು ಗಂಟು ಹಾಕಿಕೊಂಡು ಹಣೆಗೊತ್ತಿಕೊಂಡಳು.

ವಿಭಾಗ ಪತ್ರ ಚಳ್ಳಕೆರೆಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಅದಕ್ಕೆ ಮುಂಚೆ ಲೋಹಿತ ಪತ್ರ ಬರೆಯುವವನ ಪಕ್ಕ ಕೂತು ಒಂದು ಸಾಲು ಸೇರಿಸಿದ್ದ. ಕಲ್ಲು, ಕಳೆ, ನೀರು, ದಾರಿ, ಯಾವುದರ ಸಲುವಾಗಿಯೂ ಒಬ್ಬರ ಮೇಲೊಬ್ಬರು ಮುಂದೆ ತಕರಾರು ಮಾಡತಕ್ಕದ್ದಲ್ಲ, ಹೊಲಗಳನ್ನು ಅದಲುಬದಲು ಕೇಳತಕ್ಕದ್ದಲ್ಲ. "ಕಳೆ ಅಂತ ಯಾರೂ ಬರೆಸಲ್ವಲ್ರೀ" ಎಂದು ಬರೆಯುವವನು ತಲೆಯೆತ್ತಿದ. "ಬರೀರಿ, ಎಲ್ಲಾ ಇರ್ಲಿ" ಎಂದ ಲೋಹಿತ. ಬಾಗಿಲಿಗೆ ಎರಡು ಚಿಲಕ ಹಾಕಿದಷ್ಟು ನೆಮ್ಮದಿಯಾಯಿತು. ತಂಗಿ ಓದದೆ ಸಹಿ ಮಾಡಿದಳು.

ಆ ಬೇಸಿಗೆ ಅವನು ಊರಿನಲ್ಲಿ ದೊಡ್ಡ ಮನುಷ್ಯನಾದ. ಪಂಚಾಯಿತಿ ಕಟ್ಟೆಯ ಮೇಲೆ ಅಣ್ಣತಮ್ಮಂದಿರ ಜಗಳ ಬಂದಾಗೆಲ್ಲ ಜೋಗಪ್ಪ ಅವನ ಹೆಸರು ಎತ್ತುತ್ತಿದ್ದ. ತಳಕಿನ ಕಡೆಯಿಂದ ಯಾರೋ ಬಂದು ಕೈಮುಗಿದು ಹೋದರು. ತಪ್ಪು ಒಪ್ಪಿಕೊಳ್ಳುವ ದಾರಿ ಮೊದಲೇ ಕಿರಿದಾಗಿತ್ತು, ಊರಿನವರ ಬಾಯಿ ಅದನ್ನೂ ಮುಚ್ಚಿತು. ಮಳೆ ತಡವಾಗಲಿ ಎಂದು ಬೇಡಿಕೊಂಡ ರೈತ ಆ ವರ್ಷ ಇಡೀ ತಾಲ್ಲೂಕಿಗೆ ಅವನೊಬ್ಬನೇ ಇದ್ದಿರಬೇಕು.

ಮಳೆ ಸರಿಯಾದ ಹೊತ್ತಿಗೇ ಬಂತು. ಮೂರು ದಿನ ಬಿಡದೆ ಹೊಡೆಯಿತು. ಆಮೇಲೆ ಜ್ವರ ಬಂದು ಲೋಹಿತ ಹತ್ತು ದಿನ ಹಾಸಿಗೆ ಹಿಡಿದ. ಎದ್ದ ದಿನ ಬೆಳಿಗ್ಗೆ, ಬಿತ್ತನೆಗೆ ಹದ ನೋಡಿ ಬರೋಣವೆಂದು ಗುಡ್ಡದ ಹೊಲಕ್ಕೆ ಹೊರಟ. ದಾರಿಯಲ್ಲಿ ರಸ್ತೆ ಹೊಲ ಸಿಕ್ಕಿತು. ನಾಲ್ಕು ಎಕರೆಯೂ ಹಸಿರು, ಒಂದು ಅಂಗೈಯಗಲ ಕೆಂಪು ಕಾಣಲಿಲ್ಲ. ಅವನು ತಲೆ ತಗ್ಗಿಸಿ ಬೇಗ ಬೇಗ ದಾಟಿದ. ಹಳ್ಳಕ್ಕೆ ಇಳಿಯುವಾಗ ಫೋನು ಬಂತು.

"ಅಣ್ಣ, ಜ್ವರ ಬಿಡ್ತಾ? ರಸ್ತೆ ಹೊಲ ನೋಡಿದ್ಯಾ? ಕಾಲಿಡಾಕೆ ಜಾಗ ಇಲ್ಲ, ಹುಲ್ಲೋ ಹುಲ್ಲು!"

"ಹೌದಾ ಪುಷ್ಪಿ? ಅಯ್ಯೋ ಪಾಪ," ಎಂದ. ಈ ಮಾತನ್ನೂ ಅವನು ಮೊದಲೇ ತಯಾರು ಮಾಡಿಟ್ಟುಕೊಂಡಿದ್ದ.

"ಯಾಕೆ ಪಾಪ? ಎಂಥ ಮೇವು ಅಂತೀಯ! ನಾವೇನು ಶೇಂಗಾ ಹಾಕ್ತೀವಾ? ಕುರಿಗೆ ಸ್ವಂತ ಜಾಗ ಬೇಕು ಅಂತಲೇ ಅಲ್ವಾ ಪಾಲು ಕೇಳಿದ್ದು. ಊರೂರು ಅಲೆದು ಮಾವಂಗೂ ಸಾಕಾಗೈತೆ. ನಾಳೆ ಎಂಬತ್ತು ಕುರಿ ತಂದು ಬಿಡ್ತೀವಿ."

ಲೋಹಿತ ಹಳ್ಳದ ಮರಳಿನಲ್ಲಿ ನಿಂತುಬಿಟ್ಟ. ಒಂದು ವರ್ಷದ ಯೋಚನೆ, ಚಪ್ಪಲಿ, ತೊಗರಿ, ಮಡಿಲಿನ ಮಣ್ಣು, ಎಲ್ಲ ಸೇರಿ ಅವಳಿಗೆ ಮೇವಾಯಿತೇ? ಸಿಟ್ಟು ಬಂತು. ಅದರ ಹಿಂದೆಯೇ, ಹೇಳಲು ನಾಚಿಕೆಯಾಗುವ ಒಂದು ಸಮಾಧಾನವೂ ಬಂತು. ಅವಳಿಗೆ ನಷ್ಟವಿಲ್ಲ ಎಂದಮೇಲೆ ತಾನು ಮಾಡಿದ್ದು ಪಾಪವೂ ಅಲ್ಲ. ಗುಡ್ಡದ ಹೊಲ ಚೊಕ್ಕಟವಾಗಿದೆ, ಅಷ್ಟು ಸಾಕು. ಅವನು ದಿಬ್ಬ ಹತ್ತತೊಡಗಿದ.

"ಇನ್ನೊಂದು ಮಾತಣ್ಣ." ಅವಳ ದನಿ ಸಣ್ಣದಾಯಿತು. "ಆ ಹುಲ್ಲು ನೋಡಾಕೆ ಒಬ್ರು ಮೇಡಂ ಬಂದಿದ್ರು, ತೇಜಶ್ರೀ ಅಂತ. ಹೋದ ವರ್ಸ ಇದರ ಬಗ್ಗೆ ನಿಂಗೆ ಕಾಗ್ದ ಬರೆದಿದ್ರಂತೆ."

ಅವನು ಇನ್ನೂ ಬೇಗ ಹೆಜ್ಜೆ ಹಾಕಿದ.

"ಮಡ್ಲಿಗೆ ಮಣ್ಣು ಹಾಕ್ದಾಗ ನಿಂಗೆ ಗೊತ್ತಿತ್ತಾ ಅಣ್ಣ?"

ಅವನು ನಡೆಯುತ್ತಲೇ ಇದ್ದ. ಉಬ್ಬುಸ ಅವಳಿಗೆ ಕೇಳಿಸುತ್ತಿದ್ದಿರಬೇಕು. ಕೊನೆಗೆ ಅವಳೇ, "ಇರ್ಲಿ ಬಿಡು. ಅವ್ವಂಗೆ ಹೇಳಾಕಿಲ್ಲ" ಎಂದಳು. ಆ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಕಣ್ಣು ಮಂಜಾಗಿ, ಎಡವುತ್ತ, ಅವನು ಗುಡ್ಡದ ಹೊಲದ ಬದು ಹತ್ತಿದ.

"ಅದೇ ಕಾಗ್ದ ನನಗೂ ಒಂದು ಕೊಟ್ಟವ್ರೆ, ನೀನು ಕೇಳಿಸ್ಕೊ," ಎಂದು ಅವಳು ಅಕ್ಷರ ಕೂಡಿಸಿಕೊಂಡು ಓದತೊಡಗಿದಳು. "ತೆನೆ ಬರುವ ಮುಂಚೆ ಎಷ್ಟಾದರೂ ಮೇಯಿಸಬಹುದು. ತೆನೆ ಕಟ್ಟಿದ ಹುಲ್ಲನ್ನು ಕುರಿಗಳಿಗೆ ಮೇಯಿಸ..." ಇಲ್ಲಿಗೆ ಅವಳು ಉಸಿರು ತೆಗೆದುಕೊಂಡಳು. ಇಲ್ಲಿಯವರೆಗಿನದು ಲೋಹಿತನಿಗೆ ಗೊತ್ತಿತ್ತು. ಒಲೆಯ ಬೆಳಕಿನಲ್ಲಿ ಓದಿದ್ದ, ಉಳಿದದ್ದನ್ನು ತಾನೇ ಸೇರಿಸಿಕೊಂಡಿದ್ದ. "...ಬಾರದು," ಎಂದು ಮುಗಿಸಿದಳು ತಂಗಿ. "ಬೀಜ ಕುರಿಯ ಹೊಟ್ಟೆಯಲ್ಲಿ ಸಾಯುವುದಿಲ್ಲ, ಹಿಕ್ಕೆಯ ಜೊತೆ ಹೊರಗೆ ಬಂದು ಮೊಳೆಯುತ್ತದೆ. ಇದ್ಯಾಕೆ ಓದ್ದೆ ಅಂದ್ರೆ, ಬೇಸಿಗೇಲಿ ನೀನು ಅಲ್ಲಿ ಮುನ್ನೂರು ಕುರಿ ಮೇಯಿಸ್ದೆ ಅಂತ ಊರೋರು ಅಂದ್ರು. ರಾತ್ರಿ ಅವನ್ನ ಎಲ್ಲಿ ನಿಲ್ಸಿದ್ದೆ ಅಣ್ಣ?" ಲೋಹಿತನ ಮುಂದೆ ಕೆಂಪು ಹೊಲ ಬರಿದಾಗಿ ಬಿದ್ದಿತ್ತು. ಅದರ ನಡುವೆ, ಒಂದರ ಪಕ್ಕ ಒಂದು, ನೀಲಿ ಬಲೆ ಕಟ್ಟಿದಷ್ಟೇ ಅಳತೆಗೆ, ಐದು ಹಸಿರು ಚೌಕಗಳಿದ್ದವು. ಅವನು ಹತ್ತಿರ ಹೋಗಿ ಒಂದು ಸಸಿಯನ್ನು ಮುಟ್ಟಿ ನೋಡಿದ. ಚಪ್ಪಟೆ ಬುಡ. ಫೋನಿನಲ್ಲಿ ತಂಗಿ ಉತ್ತರಕ್ಕೆ ಕಾಯುತ್ತಿದ್ದಳು.